ತಮ್ಮನೋ, ಅಳಿಯನೋ

ದುಂಡಸಿ
೧೪-೧೧-೧೯೬೫

ಚಿರಂಜೀವಿ ತಮ್ಮ ಶಿದ್ಲಿಂಗಪ್ಪನಿಗೆ ಅಕ್ಕನ ಆಶೀರ್ವಾದ. ಅಳಿಯಂದಿರಾದ ಶಿದ್ಲಿಂಗಪ್ಪನವರಿಗೆ ಅತ್ತೆಯ ಶರಣು.

ಉತ್ತರ ತಡವಾಯಿತು, ಸಿಟ್ಟಾಗಬೇಡ. ಶೇಂಗಾ ಕೀಳುವ ಗಡಿಬಿಡಿ ಒಂದು ಕಡೆ. ನಿನ್ನ ಕಾಗದ ಬಂದ ಮೇಲೆ ನಾಲ್ಕು ಸಾಲು ಬರೆಯುವುದು, ಹರಿದು ಒಲೆಗೆ ಹಾಕುವುದು ಇನ್ನೊಂದು ಕಡೆ. ಎಲ್ಲರೂ ಆರಾಮ ಇದ್ದೇವೆ. ನೀನು ವಿಲಾಯತಿಗೆ ಹೋದ ಮೇಲೆ ಹುಟ್ಟಿದ ನಿನ್ನ ಮಗಳು ಹುಚ್ಚವ್ವ ಈಗ ಮನೆ ತುಂಬ ಓಡಾಡುತ್ತಾಳೆ, ಮಾತಿಗೆ ಮಾತು ಕೊಡುತ್ತಾಳೆ.

ಮಗಳು ಮಾದೇವಿಯನ್ನು ನಿನ್ನ ಹತ್ತಿರ ಕಳಿಸಲು ಪರವಾನಗಿ ಕೇಳಿ ಹೋದಾಗ ಮುಂಬಯಿಯ ವಿಲಾಯತಿ ಕಚೇರಿಯಲ್ಲಿ ಆದದ್ದನ್ನು ಪರಮೇಶಪ್ಪ ಮಾಸ್ತರರು ನಿನಗೆ ಬರೆದಿದ್ದಾರಂತೆ. ನನ್ನ ಬಾಯಿಂದಲೂ ಕೇಳು. ಸಾಹೇಬ ಒಳ್ಳೆಯವನೇ. ಮಾದೇವಿಗೆ ಕುರ್ಚಿ ಕೊಟ್ಟ. ಮದುವೆಗೆ ಮುಂಚೆ ಗಂಡನ ಪರಿಚಯ ಇತ್ತೇ ಎಂದು ದುಭಾಷಿಯಿಂದ ಕೇಳಿಸಿದ. ಇವಳು ನಕ್ಕುಬಿಟ್ಟಳು.

"ಪರಿಚಯ ಏನ್ ಕೇಳ್ತೀರ್ರಿ, ನಮ್ಮ ಸ್ವಾದರಮಾವ ಅದಾರ. ನನ್ನ ಎತ್ತಿ ಆಡಿಸ್ಯಾರ."

ಸಾಹೇಬ ಬರೆಯುವುದನ್ನು ನಿಲ್ಲಿಸಿದ. ನನಗೆ ತಿಳಿಯಲಿಲ್ಲ. ಸಂಬಂಧ ದೂರದ್ದೆಂದು ಅನುಮಾನಪಟ್ಟನೇನೋ ಎಂದುಕೊಂಡು ಹಿಂದಿನಿಂದ ನಾನೇ ಹೇಳಿದೆ, "ದೂರದಾಂವ ಅಲ್ರಿ ಸಾಹೇಬ್ರ, ನನ್ನ ಖಾಸಾ ತಮ್ಮ. ಒಂದ ಹೊಟ್ಟ್ಯಾಗ ಹುಟ್ಟೇವಿ." ದುಭಾಷಿ ತಲೆ ತಗ್ಗಿಸಿಕೊಂಡೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅವರಲ್ಲಿ ಸೋದರಮಾವನನ್ನು ಮದುವೆಯಾಗುವಂತಿಲ್ಲವಂತೆ. ಇದನ್ನು ಮದುವೆ ಎಂದು ಒಪ್ಪಬೇಕೋ ಬೇಡವೋ ಮೇಲಿನವರನ್ನು ಕೇಳಬೇಕು, ಗಂಡನೂ ಬರೆದು ತಿಳಿಸಲಿ ಎಂದು ನಮ್ಮನ್ನು ಕಳಿಸಿದರು.

ನೀನು ಬರೆಯಬೇಕಾದದ್ದು ಒಂದೇ ಮಾತು. ಈಕೆ ನನ್ನ ಹೆಂಡತಿ. ಅದನ್ನು ಬಿಟ್ಟು ನಮಗೆ ಏನು ಬರೆದೆ? "ಇಲ್ಲಿ ಇಂಥಾದ್ದಕ್ಕೆ ನಗುತ್ತಾರೆ. ಅಕ್ಕನ ಮಗಳು ಎಂದು ಬೇರೆ ಅರ್ಜಿ ಹಾಕೋಣ. ಬಂದ ಮೇಲೆ ನೋಡೋಣ."

ಬಂದ ಮೇಲೆ ಏನು ನೋಡುತ್ತೀ ತಮ್ಮಾ? ಊರವರ ಮುಂದೆ ಅಕ್ಕಿಕಾಳು ಬಿದ್ದ ಮದುವೆ, ಸಮುದ್ರ ದಾಟಿದರೆ ಅಳಿಸಿಹೋಗುತ್ತದೆಯೇ? ಹೊರಗಿನವರಿಗೆ ಕೊಟ್ಟರೆ ಮಗಳ ಕಣ್ಣೀರು ನನಗೆ ಕಾಣುವುದಿಲ್ಲ ಎಂದು ನಿನಗೆ ಕೊಟ್ಟೆ. ಬೇರೆ ಅಳಿಯ ಈ ಮಾತು ಬರೆದಿದ್ದರೆ ತವರಿನ ತಮ್ಮನನ್ನು ಕರೆದು, "ಹೋಗಿ ಕೇಳಪಾ" ಎನ್ನುತ್ತಿದ್ದೆ. ಈಗ ಯಾರನ್ನು ಕರೆಯಲಿ? ಅತ್ತ ದರಿ, ಇತ್ತ ಪುಲಿ ಆಗಿದೆ ನನ್ನ ಗತಿ.

ನಿನ್ನ ಕಾಗದವನ್ನು ಮಾದೇವಿಯೇ ಒಡೆದು ಗಟ್ಟಿಯಾಗಿ ಓದಿದಳು. ಆ ಸಾಲನ್ನೂ ಬಿಡದೆ ಓದಿದಳು. ಮಡಚಿ ನನ್ನ ಕೈಗೆ ಕೊಟ್ಟು, "ಮಾಮಾಗ ಸಿಟ್ಟೀಲೆ ಬರೀಬ್ಯಾಡಬೇ" ಎಂದಷ್ಟೇ ಅಂದಳು. ನನಗೆ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಾಗಿದೆ.

ಕಚೇರಿಗೆ ಬೇಗ ಬರೆ. ಥಂಡಿ ಬಹಳವಂತೆ, ಉಣ್ಣೆಯ ಬಟ್ಟೆ ಹಾಕಿಕೊ. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅಕ್ಕ
ಸಾವಂತ್ರವ್ವ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಹುಚ್ಚವ್ವ ದಿನಾ ಬೆಳಗ್ಗೆ ಗೋಡೆಯ ಮೇಲಿನ ನಿನ್ನ ಫೋಟೋಕ್ಕೆ ಕೈ ಮಾಡಿ "ಅಪ್ಪಾ" ಎನ್ನುತ್ತಿದ್ದಳು. ನಿನ್ನೆ ಮಾದೇವಿ ಅವಳನ್ನು ಎತ್ತಿಕೊಂಡು ಫೋಟೋದ ಮುಂದೆ ನಿಂತಿದ್ದಳು. "ಅಪ್ಪ ಅಲ್ಲವ್ವ, ಅಜ್ಜ ಅನ್ನು. ಅವ್ವನ ಮಾವ ನಿನಗ ಅಜ್ಜ ಆಗಬೇಕು. ಸಾಹೇಬ ಕೇಳ್ತಾನ." ಮಗು ಮೊದಲು ಆಟವೆಂದು ನಕ್ಕಿತು. ಸಂಜೆಯ ಹೊತ್ತಿಗೆ ಕಲಿತುಬಿಟ್ಟಿತು.