ನಾನು ಸೋಪು ಹಾಕಿ ತೊಳೆದ ತಾರೀಖು

ಅಕ್ಕಾ,

ಈ ಕುರಿ ಸಂಶೋಧನಾ ಫಾರ್ಮಿಗೆ ಸೇರಿದ ವಾರವೇ ಎಡವಟ್ಟು ಮಾಡಿಕೊಂಡೆ. ಮೂರು ಹೆಣ್ಣುಕುರಿಗಳ ಹಿಂಭಾಗಕ್ಕೆ ನೀಲಿ ಬಣ್ಣ ಮೆತ್ತಿತ್ತು. ಭಾನುವಾರ ಎಂದರೆ ನಮ್ಮೂರು ಆಪಿಯಾದಲ್ಲಿ ಚರ್ಚಿಗೆ ಎಲ್ಲ ಬೆಳ್ಳಗಿರಬೇಕಲ್ಲ, ಶನಿವಾರವೇ ತಿಕ್ಕಿ ತೊಳೆದುಬಿಟ್ಟೆ!

ಇಲ್ಲಿನ ಸಂಶೋಧಕಿ ಡಾಕ್ಟರ್ ಮೊಯ್ರಾ ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ್ತಿ, ಟಗರಿನ ಎದೆಗೆ ಬಣ್ಣ ಹಚ್ಚಿದ್ದು ನಾವೇ. ಅದು ಕೂಡಿದ ಕುರಿಗೆ ಆ ಬಣ್ಣ ಹತ್ತುತ್ತೆ, ಅವತ್ತಿಂದ ಬಸಿರಿನ ದಿನ ಎಣಿಸ್ತೀವಿ. ಇವನ್ನಿನ್ನೂ ಬರೆದುಕೊಂಡೇ ಇರ್ಲಿಲ್ಲ! ಈಗ ಯಾವುದು ಯಾವತ್ತು ಈಯುತ್ತೆ ಅಂತ ಯಾರನ್ನ ಕೇಳ್ಲಿ?"

"ತಾಯಿಕುರಿನೇ ಕೇಳಿ," ಅಂದೆ.

"ಅದಕ್ಕೇನು ಗೊತ್ತು? ಹುಟ್ಟೋ ದಿನ ಗೊತ್ತುಮಾಡೋದು ಹೊಟ್ಟೇಲಿರೋ ಮರಿ. ಮನುಷ್ಯರಲ್ಲಿ ಹೇಗೆ ಅಂತ ನಾವಿನ್ನೂ ಹುಡುಕ್ತಾ ಇದೀವಿ."

ಇದನ್ನು ನಿನ್ನ ಅತ್ತೆಗೆ ಗಟ್ಟಿಯಾಗಿ ಓದಿ ಹೇಳು. ನೀನು ಬಸುರಿಯಾಗಿ ಕೊರಳಿಗೆ ಹೂಮಾಲೆ ಹಾಕಿಕೊಂಡಿದ್ದಕ್ಕೇ ನಿನ್ನ ಚೊಚ್ಚಲು ಮಗಳು ಏಳು ವಾರ ಮೊದಲೇ ಹುಟ್ಟಿದಳು ಎಂದು ಆರು ವರ್ಷದಿಂದ ಚುಚ್ಚುತ್ತಿದ್ದಾರಲ್ಲ, ಡಾಕ್ಟರಿಗೇ ಗೊತ್ತಿಲ್ಲದ್ದು ಅವರಿಗೆ ಯಾವ ಕುರಿ ಹೇಳಿತಂತೆ?

ನನ್ನ ಕೆಮ್ಮು ವಾಸಿಯಾಗಿದೆ. ನಿನಗೀಗ ಏಳನೇ ತಿಂಗಳು, ತಪಾಸಣೆ ತಪ್ಪಿಸಬೇಡ. ಈ ಅಂಚೆ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಭಾನುವಾರ ಚರ್ಚಿಗೆ ಮಾಲೆ ಹಾಕಿಕೊಂಡೇ ಹೋಗು, ದೊಡ್ಡದನ್ನೇ.

ತಂಗಿ ಸೋಲೀಮಾ