ಸಕ್ಕರೆ ರೋಗಿಗಳ ಚಪ್ಪಲಿ ಬಿಡಿಸುವ ಬೋರ್ಡಿನ ಬಗ್ಗೆ

ನಮ್ಮ ವಾರ್ಡಿನ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಆರೋಗ್ಯ ಕೇಂದ್ರದ ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡಿದೆ. ಅದನ್ನು ತೆಗೆಸಿ. ಅದರಿಂದಾಗಿ ನನ್ನ ಅಕ್ಕ ಉಮ್ಮೆ ಕುಲ್ಸುಂ ಎಡಗಾಲು ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದಾಳೆ. ಇಷ್ಟು ಬರೆದು, ನಿಮ್ಮನ್ನು ನಾಲ್ಕು ಮಾತು ಬೈದು ಕೈ ತೊಳೆದುಕೊಳ್ಳುವಂತಿದ್ದರೆ ಎಷ್ಟು ಚೆನ್ನಾಗಿತ್ತು! ಹಾಗಾಗುವುದಿಲ್ಲ. ಬೋರ್ಡು ಬರೆಸಿದವನು ನಾನೇ.

ನಾನು ಟೈಲ್ಸ್ ವ್ಯಾಪಾರಿ. ಕೇಂದ್ರದ ನೆಲ ಕಿತ್ತುಹೋಗಿತ್ತು, ಹೊಸ ಬಿಳಿ ಟೈಲ್ಸ್ ದಾನ ಕೊಟ್ಟೆ. ಮಸೀದಿಗೆ, ದೇವಸ್ಥಾನಕ್ಕೆ, ಮನೆಗೆ ಚಪ್ಪಲಿ ಬಿಟ್ಟು ಹೋಗುವ ಜನ ಇಲ್ಲಿಗೂ ಹಾಗೆಯೇ ಬರಲಿ ಎಂದುಕೊಂಡೆ. ಉದ್ಘಾಟನೆಗೆ ಬಂದ ನೀವು ಬೋರ್ಡು ಓದಿ ‘ಭೇಷ್’ ಎಂದಿರಿ, ಬೂಟು ಹಾಕಿಕೊಂಡೇ ಒಳಗೆ ನಡೆದಿರಿ. “ಪರವಾಗಿಲ್ಲ, ಬನ್ನಿ ಸಾರ್” ಎಂದು ಹಲ್ಲು ಗಿಂಜಿದವನೂ ನಾನೇ.

ಆದರೆ ನಾನು ಓದಿದವನಲ್ಲ, ನೀವು ವೈದ್ಯರು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದ ಮರಗಟ್ಟುತ್ತದೆ, ಸುಟ್ಟರೂ ಚುಚ್ಚಿದರೂ ತಿಳಿಯುವುದಿಲ್ಲ, ಅಂಥವರು ಬರಿಗಾಲಲ್ಲಿ ಓಡಾಡಬಾರದು ಎಂಬುದು ನಿಮಗೆ ಗೊತ್ತಿರಲಿಲ್ಲವೇ? ಅದೇ ರೋಗಿಗಳನ್ನು ಗುರುವಾರ ಗುರುವಾರ ಕರೆಸಿ, ಕೆಳಗೇ ಚಪ್ಪಲಿ ಬಿಡಿಸಿ, ಬಾಗಿಲಿಗೆ ಹತ್ತುವ, ಬಿಸಿಲಿಗೆ ಕಾದ ಕಬ್ಬಿಣದ ರ‍್ಯಾಂಪಿನ ಮೇಲೆ ಸಾಲು ನಿಲ್ಲಿಸುವುದಕ್ಕೆ ಆರೋಗ್ಯ ಸೇವೆ ಎನ್ನುತ್ತೀರಾ? ಬೆರಳು ಚುಚ್ಚಿ ರಕ್ತ ನೋಡುತ್ತೀರಿ, ಮಾತ್ರೆ ಕೊಡುತ್ತೀರಿ. ಬಗ್ಗಿ ಒಂದು ಸಲವಾದರೂ ಪಾದ ನೋಡಿದವರುಂಟೇ? ಬಹುಶಃ ಕಾಲು ನಿಮ್ಮ ಇಲಾಖೆಗೆ ಸೇರುವುದಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಆಪಾಳನ್ನು (ಅಕ್ಕನನ್ನು ನಾನು ಕರೆಯುವುದು ಹಾಗೆ) ನಾನೇ ಕರೆದುಕೊಂಡು ಹೋದೆ. “ಹಾಕ್ಕೊಂಡೇ ಬರ್ತೀನಿ ಕಣೋ, ಕಾಲಿಗೆ ಏನೂ ಗೊತ್ತಾಗಲ್ಲ” ಎಂದಳು, ನಮ್ಮ ಮನೆಮಾತು ದಖ್ನಿ ಉರ್ದುವಿನಲ್ಲಿ. “ಬಿಟ್ಬಿಡು ಆಪಾ, ನಾನೇ ಹಾಕ್ಸಿದ ಬೋರ್ಡು. ನಮ್ಮನೆಯವರೇ ಹಿಂಗೆ ಮಾಡಿದ್ರೆ ಜನ ಏನಂತಾರೆ?” ಎಂದೆ. ಬಿಟ್ಟಳು ಪಾಪ, ತಮ್ಮನ ಮರ್ಯಾದೆ ಉಳಿಯಬೇಕಲ್ಲ! ರ‍್ಯಾಂಪಿನ ಮೇಲೆ ನನ್ನ ಕಾಲು ಚುರುಗುಟ್ಟಿತು, ನಾನು ನೆರಳಿಗೆ ಸರಿದೆ. ಅವಳು ಕದಲಲಿಲ್ಲ. ಆಪಾ ಎಷ್ಟು ಗಟ್ಟಿಗಿತ್ತಿ ಎಂದು ಒಳಗೊಳಗೇ ಮೆಚ್ಚಿಕೊಂಡೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಹಾಸಿಗೆಗೆ ಕೀವು ಅಂಟಿದ್ದು ಕಂಡಮೇಲೆಯೇ ಅಂಗಾಲು ಸುಟ್ಟು ಬೊಬ್ಬೆ ಎದ್ದು ಒಡೆದದ್ದು ನಮಗೆ ಗೊತ್ತಾಯಿತು. ಈಗ ಕಾಲ್ಬೆರಳುಗಳು ಕಪ್ಪಾಗಿವೆ. ಸೋಮವಾರ ಆಪರೇಷನ್. ಬೆರಳು ತೆಗೆದರೆ ಸಾಕಾಗಬಹುದು, ಸಾಕಾಗದಿದ್ದರೆ ಮಂಡಿಯ ಕೆಳಗೆ ಕತ್ತರಿಸಬೇಕು ಎಂದಿದ್ದಾರೆ ಸರ್ಜನ್.

ನಿನ್ನೆ ಬೋರ್ಡು ಕೀಳಲು ಹೋದೆ. ಕೇಂದ್ರದ ನರ್ಸ್ ಮಾರಕ್ಕ ಓಡಿ ಬಂದರು. “ಅಯ್ಯೋ, ಮುಟ್ಬೇಡಿ ಸಾರ್, ಸಾಹೇಬ್ರ ಆರ್ಡರ್ ಬೇಕು!” ಹಾಕುವಾಗ ಯಾರ ಆರ್ಡರೂ ಬೇಕಿರಲಿಲ್ಲ, ನೋಡಿ. ಆ ಆರ್ಡರನ್ನು ಬರುವ ಗುರುವಾರದೊಳಗೆ ಕೊಡಿ. ರೋಗಿಗಳು ಚಪ್ಪಲಿ ಹಾಕಿಕೊಂಡೇ ಒಳಗೆ ಬರಲಿ. ನೆಲ ಕೊಳೆಯಾದರೆ ಒರೆಸಿದರಾಯಿತು. ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಚಪ್ಪಲಿ ಬಿಚ್ಚಿಸಿ, ಎರಡೂ ಪಾದಗಳನ್ನು ನೋಡಿ. ಅಂಗಾಲು, ಬೆರಳ ಸಂದಿ ಯಾವುದನ್ನೂ ಬಿಡಬೇಡಿ.

ನಮ್ಮಲ್ಲಿ ಕತ್ತರಿಸಿದ ಕಾಲನ್ನು ಎಸೆಯುವುದಿಲ್ಲ, ಬಟ್ಟೆಯಲ್ಲಿ ಸುತ್ತಿ ಕಬರಸ್ತಾನದಲ್ಲಿ ಹೂಳುತ್ತೇವೆ. ಇವತ್ತು ಬೆಳಿಗ್ಗೆ ಆಪಾ ನನ್ನ ಕೈ ಹಿಡಿದುಕೊಂಡು, “ತೆಗೆದ್ರೆ ಬೇರೆ ಯಾರ ಕೈಗೂ ಕೊಡ್ಬೇಡ ವಕಾರ್. ನೀನೇ ತಗೊಂಡ್ಹೋಗು” ಎಂದಳು. ನನ್ನ ಮೇಲೆ ಅವಳಿಗೆ ಇನ್ನೂ ಅಷ್ಟು ನಂಬಿಕೆ. ಆಯ್ತು ಆಪಾ ಎಂದೆ.

ಇಂತಿ,
ಅಕ್ಕನ ಕ್ಷಮೆ ಕೇಳಲು ಧೈರ್ಯ ಸಾಲದೆ ನಿಮಗೆ ಪತ್ರ ಬರೆದ
ವಕಾರ್, ಶಿವಾಜಿನಗರ