ಹಡಗಿಗೆ ಬರುವ ಓಟು

ಕೊಚ್ಚಿ, ೧೬-೧೨-೧೯೫೬

ಸೊಸೆ ಬೆಟ್ಟಮ್ಮನಿಗೆ ಅತ್ತೆಯ ಆಶೀರ್ವಾದ. ನಿನ್ನ ಮೊಮ್ಮಗ ದುಂಡಗಿದ್ದಾನೆ, ಬಾಣಂತಿ ಚೆನ್ನಾಗಿ ಉಣ್ಣುತ್ತಾಳೆ. ನನ್ನ ಮಂಡಿನೋವು ಮಾತ್ರ ನನ್ನ ಜೊತೆಗೇ ರೈಲು ಹತ್ತಿ ಬಂದಿದೆ.

ನಿನ್ನೆ ನಿನ್ನ ಮಗ ತಮ್ಮಯ್ಯ ತನ್ನ ಮಿಲಿಟರಿ ಹಡಗನ್ನು ತೋರಿಸಿದ. ನಮ್ಮ ಕೆರೆ ಏರಿಯಷ್ಟು ಉದ್ದದ ಕಬ್ಬಿಣ, ಮುಳುಗದೆ ನಿಂತಿದೆ! ಸಂಕ್ರಾಂತಿ ಕಳೆದು ಹೊರಟರೆ ಯುಗಾದಿಗೇ ವಾಪಸಂತೆ. ಅಷ್ಟರಲ್ಲಿ ಓಟು ಮುಗಿದಿರುತ್ತದೆ. ಅದಕ್ಕೇ ಈಗಲೇ ಅರ್ಜಿ ಬರೆದು ಹಾಸನಕ್ಕೆ ಕಳಿಸಿದ್ದಾನೆ. ಓಟಿನ ಚೀಟಿ ಟಪಾಲಿನಲ್ಲಿ ಹಡಗಿಗೇ ಬರುತ್ತದಂತೆ. ಗುರುತು ಹಾಕಿ ಲಕೋಟೆ ಅಂಟಿಸಿ ಕಳಿಸಬೇಕಂತೆ. ನಿಮಗೆಲ್ಲ ಓಟು ಹಾಕಲು ಪಕ್ಷಕ್ಕೊಂದರಂತೆ ಚಿತ್ರ ಅಂಟಿಸಿದ ಪೆಟ್ಟಿಗೆಯಾದರೂ ಇದೆ, ಇವನಿಗೆ ಪೆಟ್ಟಿಗೆಯೇ ಇಲ್ಲ. ಯಾರಿಗೆ ಹಾಕುತ್ತೀಯ ಎಂದರೆ, "ಅದ್ನ ಕೇಳ್ಬಾರ್ದು ಕಣಜ್ಜಿ" ಅಂದ. ಇವನ ಮೂಗು ಒರೆಸಿದವಳು ನಾನು!

ತಾನು ಬರುವವರೆಗೂ ನಾನು ಇಲ್ಲೇ ಇರಬೇಕಂತೆ.

"ಅಂಗಾದ್ರೆ ನನ್ ಓಟ್ನೂ ಲಕೋಟೇಲಿ ಕಳಿಸ್ಲಾ" ಅಂದೆ.

"ಅದು ಮಿಲಿಟ್ರಿಯೋರಿಗೆ ಮಾತ್ರ ಕಣಜ್ಜಿ."

"ಮಂಡಿನೋವಿನೋರಿಗೆ ಇಲ್ವೇನ್ಲಾ?"

ಹೋದ ಸಲ ಜ್ವರದಲ್ಲಿ ಮಲಗಿ ಓಟು ಕಳೆದುಕೊಂಡೆ. ಈ ಸಲ ಬಿಡುವವಳಲ್ಲ. ಅವನು ಹಡಗು ಹತ್ತಿದ ಮಾರನೆಯ ದಿನವೇ ಬಾಣಂತಿ, ಕೂಸನ್ನು ಕರೆದುಕೊಂಡು ಹೊರಡುತ್ತೇನೆ. ತೊಟ್ಟಿಲನ್ನು ಅಟ್ಟದಿಂದ ಇಳಿಸು. ರಾಮನಾಥಪುರದ ಬಸ್ಸಿನ ಹತ್ತಿರ ಗಾಡಿ ಇರಲಿ.

ಓಟಿನ ಪಟ್ಟಿಯವರು ಹೆಸರು ಕೇಳಿಕೊಂಡು ಬಂದರೆ ಮುದುಕಿ ಕೊಚ್ಚಿಗೆ ಹೋಗಿದ್ದಾಳೆ ಅಂತ ಬಾಯಿಬಿಟ್ಟೀಯ, ಜೋಕೆ. ನನ್ನ ಹೆಸರನ್ನೇ ಹೊಡೆದುಹಾಕಿಬಿಟ್ಟಾರು. ಹೊಲಕ್ಕೆ ಹೋಗಿದ್ದಾಳೆ ಅನ್ನು. ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನತ್ತೆ ಕೆಂಚಮ್ಮ